ಪದವಿಚಾರ: ಚಾರ್ಟಲ್ ಎಂಬ ನಗೆ



ಈ ತಿಂಗಳು ನಾನು ಬರೆಯಬೇಕೆಂದಿದ್ದ ವಿಷಯವೇ ಬೇರೆ. ಆದರೆ ರಜೆಗೆಂದು ನಮ್ಮ ಮನೆಗೆ ಬಂದಿದ್ದ ನನ್ನ ತಂಗಿಯ ಮೊಮ್ಮಗಳು ಒಂದು ಸಂಜೆ ಇಂಗ್ಲಿಷ್ ಕಥೆಯ ಪುಸ್ತಕವೊಂದನ್ನು ಹಿಡಿದು ಬಂದು, "ತಾತ, ಚಾರ್ಟಲ್ ಎಂದರೇನು?" ಎಂದು ಕೇಳಿದಳು. ನಾನು ಸಂಸ್ಕೃತ ಕನ್ನಡಗಳನ್ನು ಪಾಠ ಹೇಳಿ ನಿವೃತ್ತನಾದವನು. ಇಂಗ್ಲಿಷಿನಲ್ಲಿ ನನಗಿರುವುದು ವ್ಯವಹಾರಕ್ಕೆ ಸಾಲುವಷ್ಟು ಪರಿಚಯ ಮಾತ್ರ. ಆದರೂ ಮಗುವಿನ ಮುಂದೆ ತಿಳಿಯದೆಂದು ಹೇಳಲು ಅಭಿಮಾನವು ಬಿಡಲಿಲ್ಲ. ಹಿಂದುಮುಂದಿನ ವಾಕ್ಯಗಳನ್ನು ನೋಡಿ, "ನಗುವುದು ಎಂದರ್ಥ" ಎಂದೆನು. "ನಗುವುದಕ್ಕೆ ಲಾಫ್ ಎಂಬ ಮಾತು ಇದೆಯಲ್ಲ ತಾತ! ಮತ್ತೆ ಇದು ಏಕೆ?" ಎಂದಳು. "ಅದು ಪರ್ಯಾಯಪದ" ಎಂದು ಹೇಳಿ ತಪ್ಪಿಸಿಕೊಂಡೆನು.

ಅವಳು ಆಡಲು ಹೋದಳು. ನನಗೆ ಸಮಾಧಾನವಾಗಲಿಲ್ಲ. ಒಂದೇ ಅರ್ಥಕ್ಕೆ ಎರಡು ಮಾತುಗಳಿದ್ದರೆ ಅವುಗಳಲ್ಲಿ ಕೂದಲೆಳೆಯಷ್ಟಾದರೂ ಭೇದವಿರಬೇಕೆಂದು ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಹೇಳಿದವನು ನಾನೇ. ಆದಕಾರಣ ನಿಘಂಟುಗಳನ್ನು ತೆಗೆದು ಕುಳಿತೆನು. ಒಂದು ಮಾತಿನ ಬೆನ್ನು ಹಿಡಿದು ಹೊರಟವನಿಗೆ ಒಂದು ಕಥೆಯೇ ಸಿಕ್ಕಿತು. ಅದರ ಜೊತೆಗೆ ನನ್ನ ಹಳೆಯ ತಪ್ಪೊಂದೂ ನೆನಪಿಗೆ ಬಂದಿತು. ಎರಡನ್ನೂ ಇಲ್ಲಿ ನಿವೇದಿಸುತ್ತೇನೆ.

ಮೊದಲು ಅರ್ಥ. ಚಾರ್ಟಲ್ ಎಂಬುದು ಬರಿಯ ನಗುವಲ್ಲ. ಆಂಗ್ಲೇಯರಲ್ಲಿ ಚಕಲ್ ಎಂಬ ಕ್ರಿಯಾಪದವುಂಟು. ಬಾಯಿಬಿಟ್ಟು ನಗದೆ, ಗಂಟಲಿನೊಳಗೇ ತಡೆದುಕೊಂಡು ಕುಲುಕುಲು ನಗುವುದು ಎಂದು ಅದರ ಭಾವ. ಸ್ನಾರ್ಟ್ ಎಂಬ ಇನ್ನೊಂದು ಉಂಟು. ಕುದುರೆಯು ಮಾಡುವ ಹಾಗೆ ಮೂಗಿನಿಂದ ಒಮ್ಮೆಗೇ ಬುಸ್ಸೆಂದು ಉಸಿರು ಬಿಡುವುದು ಎಂದು ಅದರ ಭಾವ. ಗಂಟಲಿನಲ್ಲಿ ಹುಟ್ಟಿದ ನಗೆಯು ಅಲ್ಲಿ ನಿಲ್ಲಲಾರದೆ ಮೂಗಿಗೆ ನುಗ್ಗಿದರೆ ಯಾವ ಸದ್ದಾಗುವುದೋ ಅದು ಚಾರ್ಟಲ್. ಅದರಲ್ಲಿ ಸಂತೋಷವಿರುತ್ತದೆ, ಕೆಲವು ವೇಳೆ, ನೋಡಿರಾ ನಾನು ಹೇಳಿದಂತೆಯೇ ಆಯಿತು ಎಂಬ ಸಣ್ಣ ಹೆಮ್ಮೆಯೂ ಇರುತ್ತದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿರುವನಷ್ಟೆ. ಉಪಹಸಿತದ ಲಕ್ಷಣವನ್ನು ಹೇಳುವಾಗ ಮೂಗಿನ ಹೊಳ್ಳೆಗಳು ಅರಳುವುವು, ಹೆಗಲೂ ತಲೆಯೂ ಕುಗ್ಗುವುವು ಎಂದಿದ್ದಾನೆ. ಆಂಗ್ಲೇಯರ ಚಾರ್ಟಲ್ಲನ್ನು ಭರತನ ಮುಂದೆ ನಿಲ್ಲಿಸಿದರೆ ಈ ಪಂಕ್ತಿಯಲ್ಲಿಯೇ ಅದಕ್ಕೆ ಮಣೆ ಹಾಕಿಯಾನು.

ಇನ್ನು ಮೂಲ. ಸಾಮಾನ್ಯವಾಗಿ ಒಂದು ಧಾತುವು ಯಾವಾಗ ಹುಟ್ಟಿತು, ಯಾರು ಮೊದಲು ಆಡಿದರು ಎಂದು ಯಾರೂ ಹೇಳಲಾರರು. ಪಾಣಿನಿಯ ಧಾತುಪಾಠದಲ್ಲಿ ಸುಮಾರು 2000 ಧಾತುಗಳಿವೆ. ಅವುಗಳಲ್ಲಿ ಒಂದರ ಜನನಪತ್ರಿಕೆಯೂ ನಮ್ಮಲ್ಲಿಲ್ಲ. ಆದರೆ ಚಾರ್ಟಲ್ಲಿಗೆ ತಂದೆಯ ಹೆಸರೂ ಹುಟ್ಟಿದ ವರ್ಷವೂ ಗೊತ್ತಿವೆ. 1871ನೆಯ ಇಸವಿಯ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊರಬಂದ 'ಥ್ರೂ ದ ಲುಕಿಂಗ್ ಗ್ಲಾಸ್' ಎಂಬ ಮಕ್ಕಳ ಪುಸ್ತಕದಲ್ಲಿ ಅದು ಮೊದಲು ಅಚ್ಚಾಯಿತು. ಪುಸ್ತಕದ ಮೇಲೆ 1872 ಎಂದು ಮುದ್ರಿಸಿದ್ದರು. ಬರೆದವನು ಲೂಯಿಸ್ ಕ್ಯಾರಲ್.

ಈ ಹೆಸರೂ ಒಂದು ಪದಕ್ರೀಡೆಯೇ. ಆತನ ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. ಚಾರ್ಲ್ಸ್ ಲಟ್ವಿಜ್ ಎಂಬೆರಡನ್ನು ಲ್ಯಾಟಿನ್ನಿಗೆ ತಿರುಗಿಸಿದರೆ ಕ್ಯಾರೊಲಸ್ ಲುಡೊವಿಕಸ್ ಎಂದಾಗುತ್ತದೆ. ಅವುಗಳನ್ನು ಹಿಂದುಮುಂದು ಮಾಡಿ ಮತ್ತೆ ಇಂಗ್ಲಿಷಿಗೆ ತಂದರೆ ಲೂಯಿಸ್ ಕ್ಯಾರಲ್! 1856ರಲ್ಲಿ ಆತನು ಈ ಕಾವ್ಯನಾಮವನ್ನು ಇಟ್ಟುಕೊಂಡನು. ವೃತ್ತಿಯಿಂದ ಆತನು ಗಣಿತದ ಉಪಾಧ್ಯಾಯ. 1832ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಎಂಬ ವಿದ್ಯಾಲಯದಲ್ಲಿ 1855ರಿಂದ 1881ರವರೆಗೆ ಗಣಿತವನ್ನು ಬೋಧಿಸಿದನು. ಮಾತನಾಡುವಾಗ ಆತನಿಗೆ ತೊದಲು ಇದ್ದಿತು. ನಾಲಗೆಯ ಮೇಲೆ ಸರಾಗವಾಗಿ ಬರಲೊಲ್ಲದ ಮಾತುಗಳನ್ನು ಆತನು ಕಾಗದದ ಮೇಲೆ ಎಷ್ಟು ಬಗೆಯಲ್ಲಿ ಕುಣಿಸಿದನೆಂಬುದನ್ನು ನೆನೆದಾಗ ನನಗೆ ಒಂದು ಬಗೆಯ ಮರುಕವೂ ಒಂದು ಬಗೆಯ ಗೌರವವೂ ಉಂಟಾಗುತ್ತವೆ.

ಈ ಪತ್ರಿಕೆಯನ್ನು ಓದುವ ಸಂಸಾರಿಗಳಿಗೆ ಇಷ್ಟವಾಗಬಹುದಾದ ಒಂದು ಸಂಗತಿಯುಂಟು. ಹನ್ನೊಂದು ಮಂದಿ ಮಕ್ಕಳಿದ್ದ ಮನೆಯದು. ತಂದೆಯು ಯಾರ್ಕ್‌ಷೈರಿನ ಕ್ರಾಫ್ಟ್ ಎಂಬ ಗ್ರಾಮದಲ್ಲಿ ಪಾದ್ರಿ. ಅಣ್ಣತಮ್ಮಂದಿರು ಅಕ್ಕತಂಗಿಯರು ಓದಿ ನಗಲೆಂದು ಡಾಡ್ಜ್‌ಸನ್ನನು ಕೈಬರಹದಲ್ಲಿಯೇ ಮನೆಯ ಪತ್ರಿಕೆಗಳನ್ನು ಹೊರಡಿಸುತ್ತಿದ್ದನು. ಅವುಗಳಲ್ಲಿ ಕೊನೆಯದರ ಹೆಸರು 'ಮಿಶ್‌ಮ್ಯಾಶ್', ಎಂದರೆ ಕಲಸುಮೇಲೋಗರ. 1855ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದರಲ್ಲಿ ಒಂದೇ ಒಂದು ಪದ್ಯವನ್ನು ಬರೆದು, ಇದು ಪ್ರಾಚೀನ ಆಂಗ್ಲೋ-ಸ್ಯಾಕ್ಸನ್ ಕಾವ್ಯದ ತುಣುಕು ಎಂದು ತಲೆಬರಹ ಕೊಟ್ಟನು. ಅದರಲ್ಲಿನ ಪದಗಳೆಲ್ಲ ಆತನೇ ಕಟ್ಟಿದ ಸುಳ್ಳುಪದಗಳು. ಅಷ್ಟಕ್ಕೆ ಬಿಡದೆ ಒಂದೊಂದು ಪದಕ್ಕೂ ಮಹಾಪಂಡಿತರ ಧಾಟಿಯಲ್ಲಿ, ಇದು ಇಂತಹ ಕ್ರಿಯಾಪದದಿಂದ ಬಂದುದು, ಇದಕ್ಕೆ ಇಂತಹುದು ಅರ್ಥ ಎಂದು ಟೀಕೆಯನ್ನೂ ಬರೆದನು. ವ್ಯುತ್ಪತ್ತಿ ಹೇಳುವುದೇ ಕಸುಬಾದ ನಮ್ಮಂತಹವರಿಗೆ ಆಡಿಸಿದ ಅಣಕವದು! ಓದಿದಾಗ ಒಂದು ಗಳಿಗೆ ನಾನೂ ಮುಖ ಸಪ್ಪಗೆ ಮಾಡಿಕೊಂಡೆನು. ಬಳಿಕ ನಗೆ ಬಂದಿತು.

ಹದಿನಾರು ವರ್ಷಗಳ ಮೇಲೆ ಆ ತುಣುಕು ಬೆಳೆದು ಏಳು ಪದ್ಯಗಳ ಒಂದು ಕವನವಾಗಿ 'ಜ್ಯಾಬರ್‌ವಾಕಿ' ಎಂಬ ಹೆಸರಿನಿಂದ ಈ ಪುಸ್ತಕವನ್ನು ಸೇರಿತು. ಆಲಿಸ್ ಎಂಬ ಹುಡುಗಿಯು ಕನ್ನಡಿಯೊಳಗಿನ ಮನೆಗೆ ಹೋದಾಗ ಅಲ್ಲಿನ ಪುಸ್ತಕವೊಂದರಲ್ಲಿ ಅಕ್ಷರಗಳೆಲ್ಲ ತಿರುಗುಮುರುಗಾಗಿರುವುದನ್ನು ಕಂಡು, ಅದನ್ನು ಕನ್ನಡಿಗೆ ಹಿಡಿದು ಓದುತ್ತಾಳೆ. ಕವನದ ಕಥೆ ಸರಳವಾದುದು. ತಂದೆಯು ಮಗನಿಗೆ, ಕಾಡಿನಲ್ಲಿ ಒಂದು ಭಯಂಕರ ಪ್ರಾಣಿಯುಂಟು, ಎಚ್ಚರಿಕೆ ಎನ್ನುತ್ತಾನೆ. ಮಗನು ಕತ್ತಿ ಹಿಡಿದು ಹೋಗಿ ಅದನ್ನು ಕೊಂದು, ತಲೆಯನ್ನು ತೆಗೆದುಕೊಂಡು ಮನೆಗೆ ಬರುತ್ತಾನೆ. ಮಗನನ್ನು ಅಪ್ಪಿಕೊಂಡು ಮುದುಕನು ಆನಂದದಿಂದ ಮಾಡುವ ಸದ್ದೇ ಚಾರ್ಟಲ್. ಬದುಕಿ ಬರುವನೋ ಇಲ್ಲವೋ ಎಂದು ಬಾಗಿಲು ಕಾಯುತ್ತಿದ್ದ ತಂದೆಯೊಬ್ಬನ ಗಂಟಲಿನಿಂದ ಈ ಮಾತು ಪ್ರಪಂಚಕ್ಕೆ ಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಮುಂದೆ ಅದೇ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಹಂಪ್ಟಿ ಡಂಪ್ಟಿ ಎಂಬ ಮೊಟ್ಟೆಯಾಕಾರದ ಮಹಾಶಯನೊಬ್ಬನು ಗೋಡೆಯ ಮೇಲೆ ಕುಳಿತು ಆಲಿಸಳಿಗೆ ಮೊದಲನೆಯ ಪದ್ಯದ ಅರ್ಥವನ್ನು ಹೇಳುತ್ತಾನೆ. ಆಗ ಆತನು ಕೊಡುವ ಉಪಮಾನವು ಸೊಗಸಾದುದು. ಎರಡು ಸಮನಾದ ಅರೆಗಳಾಗಿ ತೆರೆಯುವ ತೊಗಲಿನ ಪ್ರಯಾಣದ ಪೆಟ್ಟಿಗೆಗೆ ಪೋರ್ಟ್‌ಮ್ಯಾಂಟೋ ಎಂದು ಹೆಸರು. ಒಂದು ಮಾತಿನೊಳಗೆ ಎರಡು ಅರ್ಥಗಳನ್ನು ಮಡಿಸಿಟ್ಟರೆ ಅದೂ ಅಂತಹ ಪೆಟ್ಟಿಗೆಯೇ ಎನ್ನುತ್ತಾನೆ. ಅಂದಿನಿಂದ ಇಂತಹ ಪದಗಳಿಗೆ ಇಂಗ್ಲಿಷಿನಲ್ಲಿ ಪೋರ್ಟ್‌ಮ್ಯಾಂಟೋ ಪದಗಳೆಂದೇ ಹೆಸರಾಯಿತು.

ಇದನ್ನು ನಾವು ಸಮಾಸವೆನ್ನಬಹುದೇ? ನನ್ನ ಮತದಲ್ಲಿ ಕೂಡದು. ಸಮಾಸದಲ್ಲಿ ವಿಭಕ್ತಿಯು ಲೋಪವಾಗುವುದೇ ಹೊರತು ಪದಗಳ ಮೈಗೆ ಕತ್ತರಿ ಬೀಳುವುದಿಲ್ಲ. ನರಸಿಂಹ ಎನ್ನುವಲ್ಲಿ ನರನೂ ಇಡಿಯಾಗಿದ್ದಾನೆ, ಸಿಂಹವೂ ಇಡಿಯಾಗಿದೆ. ಕಂಬದಿಂದ ಹೊರಬಂದ ಮೂರ್ತಿಯಲ್ಲಿ ಮಾತ್ರ ತಲೆ ಒಂದರದು, ಮೈ ಇನ್ನೊಂದರದು. ಕ್ಯಾರಲ್ಲನು ಮಾಡಿದುದು ಮಾತಿನ ಮೈಯಲ್ಲಿಯೇ ನರಸಿಂಹಾವತಾರ. ಚಕಲ್ ಎಂಬುದರ ತಲೆಯನ್ನೂ ಬಾಲವನ್ನೂ ಉಳಿಸಿಕೊಂಡು, ನಡುವನ್ನು ತೆಗೆದು, ಅಲ್ಲಿ ಸ್ನಾರ್ಟಿನ ಹಿಂಭಾಗವನ್ನು ಕೂರಿಸಿದರೆ ಚಾರ್ಟಲ್ ಆಗುತ್ತದೆ. 1905ರಲ್ಲಿ ಲಂಡನ್ನಿನ ವೈದ್ಯನೊಬ್ಬನು ಬಳಕೆಗೆ ತಂದ ಸ್ಮಾಗ್ ಎಂಬ ಮಾತೂ ಇದೇ ಜಾತಿಯದು. ಹೊಗೆ ಮಂಜುಗಳ ಇಂಗ್ಲಿಷ್ ಪದಗಳೆರಡನ್ನೂ ಅರ್ಧರ್ಧ ಕತ್ತರಿಸಿ ಜೋಡಿಸಿದುದು. ಅದನ್ನೇ ನಾವು ಹೊಗೆಮಂಜು ಎಂದಾಗ ಎರಡನ್ನೂ ಇಡಿಯಾಗಿಯೇ ಇಟ್ಟುಕೊಂಡೆವು. ನಮಗೆ ಕತ್ತರಿಯಾಡಿಸಲು ಕೈ ಬರುವುದಿಲ್ಲ.

ಆದರೆ ನಮ್ಮ ಹಿರಿಯರು ಇದನ್ನು ಊಹಿಸಿಯೇ ಇರಲಿಲ್ಲವೆಂದರೆ ತಪ್ಪಾದೀತು. ಯಾಸ್ಕನ ನಿರುಕ್ತದಲ್ಲಿ ಅಗ್ನಿಶಬ್ದದ ವಿಚಾರ ಬಂದಾಗ ಶಾಕಪೂಣಿ ಎಂಬ ಆಚಾರ್ಯನ ಮತವನ್ನು ಹೇಳಿದೆ. ಆ ಶಬ್ದವು ಮೂರು ಕ್ರಿಯೆಗಳಿಂದ ಹುಟ್ಟಿತು. ಅಕಾರವು ಒಂದರಿಂದ, ಗಕಾರವು ಇನ್ನೊಂದರಿಂದ, 'ನಿ' ಎಂಬುದು ಮತ್ತೊಂದರಿಂದ ಎಂದು ಆತನ ವಾದ. ನಾನು ವಿದ್ಯಾರ್ಥಿಯಾಗಿದ್ದಾಗ ಇದು ಬಲಾತ್ಕಾರದ ವ್ಯುತ್ಪತ್ತಿಯೆಂದು ಮನಸ್ಸಿನೊಳಗೇ ನಕ್ಕಿದ್ದೆನು. ಈಗ ನೋಡಿದರೆ, ಅದೇ ಕವನದ ಬರ್ಬಲ್ ಎಂಬ ಕ್ರಿಯಾಪದದ ವಿಷಯದಲ್ಲಿ ಕ್ಯಾರಲ್ಲನು 1877ರಲ್ಲಿ ಪರಿಚಯದ ಹುಡುಗಿಯೊಬ್ಬಳಿಗೆ ಬರೆದ ಕಾಗದದಲ್ಲಿ ಇದೇ ಮಾತಿದೆ. ಬ್ಲೀಟ್, ಮರ್ಮರ್, ವಾರ್ಬಲ್ ಎಂಬ ಮೂರು ಕ್ರಿಯಾಪದಗಳಿಂದ ಒಂದೊಂದು ಚೂರನ್ನು ಆಯ್ದರೆ ಬರ್ಬಲ್ ಆಗುವುದು ಎಂದು ತೋರಿಸಿ, ಆದರೆ ತಾನು ಹಾಗೆಯೇ ಕಟ್ಟಿದೆನೆಂದು ಸ್ಪಷ್ಟವಾಗಿ ನೆನಪಿಲ್ಲವೆಂದು ಒಪ್ಪಿಕೊಂಡಿದ್ದಾನೆ! ಆ ಮಾತಾದರೋ ನೀರು ಗುಳುಗುಳು ಎನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಶತಮಾನಗಳ ಮೊದಲೇ ಇದ್ದಿತು. ಕಟ್ಟಿದವನಿಗೇ ತನ್ನ ಪದದ ಹುಟ್ಟು ತಿಳಿಯದಿರುವಾಗ ಶಾಕಪೂಣಿಯನ್ನು ನಾನು ನಕ್ಕದ್ದು ಅವಿವೇಕವಲ್ಲವೇ?

ಚಾರ್ಟಲ್ಲಿನ ವಿಷಯವೂ ಹೀಗೆಯೇ. ಅದು ಬರುವುದು ಆರನೆಯ ಪದ್ಯದಲ್ಲಿ. ಹಂಪ್ಟಿ ಡಂಪ್ಟಿಯು ವಿವರಿಸಿದುದು ಮೊದಲನೆಯ ಪದ್ಯವನ್ನು ಮಾತ್ರ. ಚಕಲ್ ಸ್ನಾರ್ಟ್ ಎಂಬ ವಿಭಾಗವು ನಿಘಂಟುಕಾರರ ಊಹೆ. ಜೇಮ್ಸ್ ಮರ್ರೆ ಎಂಬ ಮಹಾವಿದ್ವಾಂಸನ ಸಂಪಾದಕತ್ವದಲ್ಲಿ ಆಕ್ಸ್‌ಫರ್ಡಿನ ಬೃಹನ್ನಿಘಂಟು 1884ರಿಂದ ಕಂತುಕಂತಾಗಿ ಹೊರಡುತ್ತಿದ್ದಿತು. 'ಸಿ' ಅಕ್ಷರದ ಸಂಪುಟವು 1893ರ ಹೊತ್ತಿಗೆ ಮುಗಿಯಿತು. ಅದರಲ್ಲಿ ಚಾರ್ಟಲ್ಲಿಗೆ ಸ್ಥಾನ ದೊರೆಯಿತು. ಇದು ಇಂತಹ ಪುಸ್ತಕವನ್ನು ಬರೆದವನು ತಂದ ಕೃತಕಪದ, ಆತನ ತರುವಾಯ ಇತರರೂ ವಿನೋದಕ್ಕಾಗಿ ಬಳಸಿರುವರು, ಚಕಲ್ ಸ್ನಾರ್ಟುಗಳ ಛಾಯೆ ಇರುವಂತಿದೆ ಎಂಬುದಾಗಿ ಅಲ್ಲಿ ಹೇಳಿದರು. ಕ್ಯಾರಲ್ಲನು ತೀರಿಕೊಂಡುದು 1898ರಲ್ಲಿ. ತಾನು ಮಕ್ಕಳಿಗಾಗಿ ಆಡಿದ ಮಾತು ಮಹಾನಿಘಂಟಿನಲ್ಲಿ ಪೀಠವೇರಿದುದು ಆತನ ಜೀವಿತಕಾಲದಲ್ಲಿಯೇ ನಡೆಯಿತು.

ಈಗ ನನ್ನ ತಲೆಯನ್ನು ನಿಜವಾಗಿ ತಿಂದ ಪ್ರಶ್ನೆಗೆ ಬರುತ್ತೇನೆ. ಭಗವಾನ್ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಒಂದು ಮಾತು ಹೇಳಿರುವನು. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗಿ, ನನಗೊಂದು ಮಡಕೆ ಮಾಡಿಕೊಡು, ಕೆಲಸವಿದೆ ಎಂದು ಕೇಳುತ್ತಾನೆ. ಆದರೆ ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗಿ, ಮಾತುಗಳನ್ನು ಮಾಡಿಕೊಡು, ಆಡುತ್ತೇನೆ ಎಂದು ಕೇಳುವುದಿಲ್ಲ ಎಂಬುದೇ ಅದರ ಸಾರ. ಶಬ್ದಗಳು ಸಿದ್ಧವಾಗಿಯೇ ಇವೆ, ಲೋಕವು ಆಡುತ್ತದೆ, ಶಾಸ್ತ್ರವು ಕಾವಲು ಕಾಯುತ್ತದೆ. ಈ ವಾಕ್ಯವನ್ನು ನಾನು ಎಷ್ಟು ಸಲ ಪಾಠ ಹೇಳಿದೆನೋ ಲೆಕ್ಕವಿಲ್ಲ. ಇಲ್ಲಿಯಾದರೋ ಗಣಿತದ ಉಪಾಧ್ಯಾಯನೊಬ್ಬನು ಕುಂಬಾರನಂತೆಯೇ ತಿಗರಿಯ ಮುಂದೆ ಕುಳಿತು ಮಾತು ಮಾಡಿದನು, ಜನರು ಕೊಂಡೊಯ್ದರು. ಪತಂಜಲಿಯ ಮಾತು ಸುಳ್ಳಾಯಿತೇ?

ಎರಡು ದಿನ ಯೋಚಿಸಿದ ಮೇಲೆ ನನಗೆ ತೋರಿದುದಿಷ್ಟು. ಆ ಒಂದು ಕವನದಲ್ಲಿ ಕ್ಯಾರಲ್ಲನು ಇಪ್ಪತ್ತಕ್ಕೂ ಹೆಚ್ಚು ಹೊಸಪದಗಳನ್ನು ಮಾಡಿಟ್ಟನು. ಆನೆಯಂತೆ ಧಡಧಡನೆ ಕುಣಿದುಕೊಂಡು ಬರುವುದು ಎಂಬ ಅರ್ಥ ಪಡೆದ ಗ್ಯಾಲಂಫ್ ಎಂಬುದನ್ನೂ ಚಾರ್ಟಲ್ಲನ್ನೂ ಜನರು ಮನೆಗೆ ಒಯ್ದರು. ಮಿಕ್ಕವು ಬಹುಮಟ್ಟಿಗೆ ಅಂಗಡಿಯಲ್ಲಿಯೇ ಉಳಿದುವು. ಆ ಕವನದ ನೆನಪಿನೊಡನೆ ಮಾತ್ರ ಅವುಗಳ ಬಾಳು. ಮಾಡಿದವನು ಒಬ್ಬನೇ, ಕೌಶಲವೂ ಒಂದೇ. ಆದರೂ ಕೆಲವು ಬದುಕಿದುವು, ಹಲವು ಬದುಕಲಿಲ್ಲ. ಆರಿಸಿದವನು ಕ್ಯಾರಲ್ಲನಲ್ಲ. ಚಾರ್ಟಲ್ಲಿಗೆ ಒಂದು ಅನುಕೂಲವೂ ಇದ್ದಿತು. ಚಕಲ್, ಗಿಗಲ್, ಕ್ಯಾಕಲ್ ಎಂದು ನಗೆಯ ಕ್ರಿಯಾಪದಗಳ ಒಂದು ದೊಡ್ಡ ಮನೆತನವೇ ಅಲ್ಲಿ ಇರುವುದರಿಂದ, ಈ ಹೊಸ ಕೂಸು ಅದೇ ಉಡುಪನ್ನು ತೊಟ್ಟು ಬಂದಾಗ ಪರಕೀಯವೆಂದು ಯಾರಿಗೂ ತೋರಲಿಲ್ಲ. ಭೂತಕಾಲದ ಪ್ರತ್ಯಯವೂ ಅದಕ್ಕೆ ಎಲ್ಲರಂತೆಯೇ ಹತ್ತಿತು. ಧಾತುವು ಹೊಸದು, ಪ್ರತ್ಯಯವು ಹಳೆಯದು.

ಹಂಪ್ಟಿ ಡಂಪ್ಟಿಯು ಇದನ್ನು ಒಪ್ಪುತ್ತಿರಲಿಲ್ಲ. ನಾನು ಆಡಿದ ಪದವು ನಾನು ಇಚ್ಛಿಸಿದ ಅರ್ಥವನ್ನೇ ಕೊಡತಕ್ಕದ್ದು, ಯಜಮಾನನು ಯಾರೆಂಬುದೇ ಪ್ರಶ್ನೆ ಎಂದು ಆತನ ಹಟ. ಹೆಚ್ಚು ಅರ್ಥ ಹೊರಿಸಿದ ಪದಗಳಿಗೆ ಹೆಚ್ಚು ಕೂಲಿ ಕೊಡುವೆನೆಂದೂ, ಶನಿವಾರ ರಾತ್ರಿ ಅವು ಸಂಬಳಕ್ಕೆ ಬರುವುವೆಂದೂ ಹೇಳುತ್ತಾನೆ. ಸಂಕೇತದಿಂದಲೇ ಶಬ್ದಕ್ಕೆ ಶಕ್ತಿ ಬರುವುದೆನ್ನುವ ನಮ್ಮ ತಾರ್ಕಿಕರು ಆತನಿಗೆ ಒಂದು ಮಣೆ ಕೊಟ್ಟಾರು. ಶಬ್ದಾರ್ಥಸಂಬಂಧವು ನಿತ್ಯವೆನ್ನುವ ಮೀಮಾಂಸಕರು ಗೋಡೆಯಿಂದ ಕೆಳಗಿಳಿಸಿಯಾರು. ಕಥೆಯಲ್ಲಿ ಆತನು ತಾನಾಗಿಯೇ ಬೀಳುತ್ತಾನೆ.

ಇಷ್ಟನ್ನು ಬರೆದುಕೊಂಡು ಮಲಗಿದ ರಾತ್ರಿಯೇ ನನಗೆ ಆ ಹುಡುಗನ ನೆನಪಾದುದು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿದ್ದೆನು. ಎಂಟನೆಯ ತರಗತಿಯವರಿಗೆ 'ಮರೆಯಲಾಗದ ದಿನ' ಎಂದು ಪ್ರಬಂಧ ಕೊಟ್ಟಿದ್ದೆನು. ಒಬ್ಬ ಹುಡುಗನು ತಾಲ್ಲೂಕಿನ ಓಟದ ಪಂದ್ಯದಲ್ಲಿ ಗೆದ್ದು ಒಂದು ಸ್ಟೀಲಿನ ಲೋಟವನ್ನು ತಂದುದನ್ನು ಬರೆದಿದ್ದನು. ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರಂತೆ. ಜಗಲಿಯ ಮೇಲೆ ಕುಳಿತಿದ್ದ ತಾತನು ಲೋಟವನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, 'ನಕ್ಕೆಮ್ಮಿದರು' ಎಂದು ಬರೆದಿದ್ದನು.

ನಾನು ಅದರ ಮೇಲೆ ಕೆಂಪು ಶಾಯಿಯ ಗೆರೆಯೆಳೆದು, ಪಕ್ಕದಲ್ಲಿ 'ಅಪಶಬ್ದ' ಎಂದು ಬರೆದು, ಮೇಲುಗಡೆ 'ನಕ್ಕರು, ಬಳಿಕ ಕೆಮ್ಮಿದರು' ಎಂದು ತಿದ್ದಿದೆನು. ಸಾಲದುದಕ್ಕೆ ತರಗತಿಯಲ್ಲಿ ಗಟ್ಟಿಯಾಗಿ ಓದಿದೆನು, ಹುಡುಗರು ಗೊಳ್ಳೆಂದರು. ಆಮೇಲೆ ಆ ಹುಡುಗನ ಪ್ರಬಂಧಗಳಲ್ಲಿ ಒಂದು ತಪ್ಪೂ ಬರಲಿಲ್ಲ. ಎಲ್ಲವೂ ಗೈಡಿನ ವಾಕ್ಯಗಳೇ. ಬರವಣಿಗೆಯು ಶುದ್ಧವಾಯಿತೆಂದು ನಾನು ಮೊದಲಿಗಿಂತ ಹೆಚ್ಚು ಅಂಕಗಳನ್ನೂ ಕೊಟ್ಟೆನು.

ನಕ್ಕು, ಕೆಮ್ಮು, ಎರಡು ಪದಗಳೂ ಕಕಾರದಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ. ಎಲ್ಲಿ ನಗೆ ಮುಗಿಯಿತು, ಎಲ್ಲಿ ಕೆಮ್ಮು ತೊಡಗಿತು ಎಂದು ಹೇಳಲಾಗದಂತೆ ಆ ಮಾತು ಇದ್ದಿತು, ಮುದುಕರ ನಗೆಯೂ ಹಾಗೆಯೇ ಇರುತ್ತದೆ. ನಾನು ತಿದ್ದಿದ ವಾಕ್ಯವೇ ಸುಳ್ಳು. ಆ ತಾತನು ನಕ್ಕು ಬಳಿಕ ಕೆಮ್ಮಿರಲಿಲ್ಲ.

ದೈವಯೋಗವೋ ಏನೋ, ಕಳೆದ ವಾರ ಆತನೇ ಗೃಹಪ್ರವೇಶದ ಆಮಂತ್ರಣವನ್ನು ಹಿಡಿದು ನಮ್ಮ ಮನೆಗೆ ಬಂದನು. ಈಗ ಪಕ್ಕದ ತಾಲ್ಲೂಕಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಕಿವಿಯ ಬಳಿ ಕೂದಲು ನೆರೆತಿದೆ. ಕಾಫಿಯಾದ ಮೇಲೆ ನಾನು ಸಂಕೋಚದಿಂದಲೇ ಆ ಪ್ರಬಂಧದ ಮಾತೆತ್ತಿ, "ಅಂದು ನೀನು ಕಟ್ಟಿದ ಪದವನ್ನು ಹೊಡೆದುಹಾಕಿದೆ ಕಣಪ್ಪ, ಅದು ಒಳ್ಳೆಯ ಪದವಾಗಿತ್ತು" ಎಂದೆನು.

ಆತನು ಒಂದು ಗಳಿಗೆ ನನ್ನ ಮುಖವನ್ನು ನೋಡಿ, "ಅದನ್ನು ನಾನು ಕಟ್ಟಿದ್ದಲ್ಲ ಮೇಷ್ಟ್ರೇ, ನಮ್ಮ ಅಜ್ಜಿಯ ಮಾತು ಅದು" ಎಂದನು. "ತಾತನಿಗೆ ದಮ್ಮು ಇತ್ತಲ್ಲ, ನಕ್ಕರೆ ಕೆಮ್ಮು ಬಂದೇ ಬರುತ್ತಿತ್ತು. ನಕ್ಕೆಮ್ಮಬೇಡಿ, ಮೊದಲು ನೀರು ಕುಡಿಯಿರಿ ಅಂತ ಅಜ್ಜಿ ಲೋಟ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅನ್ನೋದು. ಅದು ಪುಸ್ತಕದಲ್ಲಿ ಇಲ್ಲದ ಮಾತು ಅಂತ ನೀವು ಹೇಳಿದ ಮೇಲೇ ನನಗೆ ಗೊತ್ತಾದದ್ದು. ಈಗ ನನ್ನ ಮಗಳು ನನಗೇ ಹೇಳುತ್ತಾಳೆ, ಅಪ್ಪ ನಕ್ಕೆಮ್ಮಬೇಡ ಅಂತ."

ಹೇಳುತ್ತಾ ಹೇಳುತ್ತಾ ಆತನಿಗೆ ನಗೆ ಬಂದಿತು. ನಗೆಯ ನಡುವೆಯೇ ಕೆಮ್ಮು ಬಂದಿತು. ನಾನು ಒಳಗೆ ಕೂಗಿ ಒಂದು ಲೋಟ ನೀರು ತರಿಸಿದೆನು.